ಕಪ್ಪು ಬಟ್ಟೆ ಸುತ್ತಿದ ಸೀಸೆ

ಪುವೆರ್ತೊ ಚಿರೆಲ ಬಂದರಿನಲ್ಲಿ ನಿಕೊಲಾಸಾ ಕೆರೆವಲೂಳ ಫ್ರಿಜ್ಜು ಅರ್ಧ ಬೀದಿಗೆ ಸೇರಿದ್ದು. ಎದುರುಮನೆಯವರು ಹಿಡಿದು ತಂದ ಮೀನನ್ನು ಅದರಲ್ಲಿಡುತ್ತಿದ್ದರು. ಮೂಲೆಮನೆಯ ಅಜ್ಜಿ ತನ್ನ ಕಣ್ಣಿನ ಔಷಧಿ ಇಡುತ್ತಿದ್ದಳು. ಬಾಗಿಲು ತಟ್ಟದೆ ಒಳಗೆ ಬಂದು, ಬೇಕಾದ್ದು ತೆಗೆದುಕೊಂಡು, ಎರಡು ಮಾತಾಡಿ ಹೋಗುತ್ತಿದ್ದರು. ಕೆಳಗಿನ ಖಾನೆಯ ಹಿಂಬದಿಗೆ, ಬೆಣ್ಣೆಯ ಡಬ್ಬಿಯ ಆಚೆಗೆ ಮಾತ್ರ ಯಾರೂ ಕೈ ಹಾಕುವಂತಿರಲಿಲ್ಲ. ಅಲ್ಲಿ ಕಪ್ಪು ಬಟ್ಟೆ ಸುತ್ತಿದ ಗಂಟೊಂದಿತ್ತು. ಒಂದು ಕೈಯ ಮುಷ್ಟಿಯಲ್ಲಿ ಹಿಡಿಸುವಷ್ಟು ಸಣ್ಣದು.

"ಏನದು ಕೊಮಾದ್ರೆ, ನಿನ್ನ ಗಂಡನ ಕಿವಿಯಾ?" ಎಂದು ಎದೆಲ್ಮಿರಾ ಪಾಂತಾ ಒಮ್ಮೆ ಕೇಳಿದ್ದಳು.

"ನನಗೆ ಗಂಡ ಎಲ್ಲಿದ್ದ?"

"ಅದಕ್ಕೇ ಕೇಳಿದ್ದು, ಯಾರ ಗಂಡಂದು ಕಿತ್ಕೊಂಡು ಬಂದೆ ಅಂತ."

"ಔಷಧಿ ಅದು. ಬೆಳಕು ಬಿದ್ರೆ ಕೆಡುತ್ತೆ. ಬಾಗಿಲು ಹಾಕು, ತಂಪೆಲ್ಲ ಹೋಯ್ತು."

ಎದೆಲ್ಮಿರಾ ನಗುತ್ತಾ ಬಾಗಿಲು ಹಾಕಿದಳು. ನಿಕೊಲಾಸಾಳಿಗೆ ನಗು ಬರಲಿಲ್ಲ. ಆ ಗಂಟಿನೊಳಗೆ ಒಂದು ಸೀಸೆ, ಸೀಸೆಯೊಳಗೆ ಬಾವಿಯ ನೀರು. ಎದೆಲ್ಮಿರಾಳ ಮಗಳು ಸಾಯುವುದಕ್ಕೆ ಆರು ದಿನ ಮೊದಲು ನಿಕೊಲಾಸಾ ತನ್ನ ಕೈಯಾರೆ ಸೇದಿದ ನೀರು.

ನಿಕೊಲಾಸಾ ಮೀನುಗಾರರ ಮನೆಯ ಹುಡುಗಿ. ಹೈಸ್ಕೂಲು ಮುಗಿಸಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಬಂದರಿನ ಆರೋಗ್ಯ ಕಚೇರಿಯ ಪ್ರಯೋಗಾಲಯಕ್ಕೆ ಗಾಜು ತೊಳೆಯಲು ಸೇರಿದಳು. ಅಲ್ಲಿಯ ಹಿರಿಯ ದೋನ್ ಎವಾರಿಸ್ತೊ ಮೊದಲ ದಿನವೇ ಒಂದು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇಲ್ಲಿ ಸುಳ್ಳು ಹೇಳೋದು ಮನುಷ್ಯರಲ್ಲ ಮಗಳೇ, ಸರಿಯಾಗಿ ತೊಳೆಯದ ಗಾಜು" ಎಂದಿದ್ದ. ಅವಳು ಅದನ್ನು ಮರೆಯಲಿಲ್ಲ. ನಲ್ಲಿಯ ನೀರಿನಲ್ಲಿ ಆರು ಸಲ, ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ. ಮನೆಯಲ್ಲಿ ಕಾಫಿ ಲೋಟವನ್ನೂ ಹಾಗೆಯೇ ತೊಳೆಯುತ್ತಾಳೆಂದು ಅವಳ ತಾಯಿ ಬೈಯುತ್ತಿದ್ದಳು. ನೋಡುತ್ತ ನೋಡುತ್ತ ಅವಳು ನೀರಿನ ಪರೀಕ್ಷೆಯನ್ನೂ ಕಲಿತಳು. ಐದು ವರ್ಷಕ್ಕೆ ದೋನ್ ಎವಾರಿಸ್ತೊ ಕಣ್ಣು ಮಂಜಾಗಿ ಮನೆ ಸೇರಿದಾಗ, ಊರಿನ ಬಾವಿಗಳ ಪರೀಕ್ಷೆ ಅವಳ ಕೈಗೇ ಬಂತು.

ನಮ್ಮ ಕಡೆ ಮೆಕ್ಕೆಜೋಳದ ಹೆಂಡ, ಚಿಚ, ಹುಳಿ ಬಂದು ಕುಡಿಯುವ ಹದಕ್ಕೆ ಬಂದರೆ, ಮಾರುವವಳು ಬಾಗಿಲ ಮೇಲೆ ಗಳು ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಾಳೆ. ಓದು ಬಾರದವರಿಗೂ ಅದರ ಅರ್ಥ ಗೊತ್ತು: ಬನ್ನಿ, ಕುಡಿಯಿರಿ. ಆರೋಗ್ಯ ಕಚೇರಿಯವರು ಬಾವಿಗಳಿಗೂ ಅದನ್ನೇ ಮಾಡಿದ್ದರು. ನೀರು ಕೆಟ್ಟಿದ್ದರೆ ರಾಟೆಯ ಮೇಲೆ ಕೆಂಪು ಬಟ್ಟೆ, ಚೆನ್ನಾಗಿದ್ದರೆ ಬಿಳಿ. ಕಟ್ಟುವ ಕೆಲಸ ನಿಕೊಲಾಸಾಳದು. ಅವಳು ಬೀದಿಯಲ್ಲಿ ಬಿಳಿ ಬಟ್ಟೆ ಹಿಡಿದು ನಡೆದರೆ ಹೆಂಗಸರು ಕೊಡ ಎತ್ತಿಕೊಂಡು ಹಿಂದೆ ಬರುತ್ತಿದ್ದರು.

ಎದೆಲ್ಮಿರಾ ಆಗ ದೋಣಿಗಳು ದಡ ಸೇರುವ ಕಡೆ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದಳು. ನಿಂಬೆರಸದಲ್ಲಿ ನೆನೆಸಿದ ಹಸಿ ಮೀನು, ಸೆವಿಚೆ. ಅವಳ ಕೈಯಲ್ಲಿ ಅದರ ರುಚಿಯೇ ಬೇರೆ. ಅವಳ ಮಗಳು ನೆರೇದಾಳನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದವಳು ನಿಕೊಲಾಸಾ. ಅಂದಿನಿಂದ ಮಗುವಿಗೆ ಅವಳು ಮದ್ರೀನಾ, ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಇದು ರಕ್ತದ ನಂಟಲ್ಲ. ನಮ್ಮಲ್ಲಿ ಅದಕ್ಕೆ ರಕ್ತಕ್ಕಿಂತ ಹೆಚ್ಚು ಬೆಲೆ.

ತೊಂಬತ್ತೊಂದರ ಬೇಸಿಗೆಯಲ್ಲಿ ಕರಾವಳಿಯುದ್ದಕ್ಕೂ ಕಾಲರಾ ಬಂತು. ಮೊದಲು ದಕ್ಷಿಣದ ಬಂದರುಗಳಲ್ಲಿ, ಆಮೇಲೆ ನಮ್ಮಲ್ಲಿ. ಫೆಬ್ರವರಿ ಮೊದಲ ವಾರಕ್ಕೆ ಮೀನುಗಾರರ ಕೇರಿಯ ಬಾವಿಗೆ ನಿಕೊಲಾಸಾ ಕೆಂಪು ಬಟ್ಟೆ ಕಟ್ಟಿದಳು. ಬಾವಿಗೆ ಕ್ಲೋರಿನ್ ಸುರಿದರು. ಹೆಂಗಸರು ಲಾರಿ ನೀರಿಗೆ ಊರಾಚೆ ನಡೆದು ಹೋಗಬೇಕಾಯಿತು.

"ಯಾವಾಗ ಬಿಚ್ತೀಯೇ ಆ ಕೆಂಪು ಚಿಂದಿ?" ಎಂದು ಎದೆಲ್ಮಿರಾ ದಿನವೂ ಕೇಳುತ್ತಿದ್ದಳು. "ನನ್ನ ಹೆಗಲು ನೋಡು. ಕತ್ತೆಗಾದ್ರೂ ಭಾನುವಾರ ರಜಾ ಇರುತ್ತೆ."

"ಮೂರು ಸಲ ಶುದ್ಧ ಬರಬೇಕು. ಎರಡು ಬಂದಿದೆ."

"ಮೂರನೇದಕ್ಕೆ ನೀನೇ ಸ್ವಲ್ಪ ಕಣ್ಣು ಮುಚ್ಚು."

"ಕಣ್ಣು ಮುಚ್ಚೋಕೆ ನನಗೆ ಸಂಬಳ ಕೊಡಲ್ಲ."

ಪರೀಕ್ಷೆ ಹೀಗಿತ್ತು. ಗಾಜಿನ ತಟ್ಟೆಯಲ್ಲಿ ಹಸಿರು ಬಣ್ಣದ ಗಟ್ಟಿ ಗಂಜಿ ಹಾಕಿ, ಅದರ ಮೇಲೆ ಬಾವಿಯ ನೀರನ್ನು ಸವರಿ ಬೆಚ್ಚಗೆ ಇಡಬೇಕು. ಕಾಲರಾ ಇದ್ದರೆ ಹಳದಿ ಚುಕ್ಕೆಗಳು ಏಳುತ್ತವೆ. ಇಲ್ಲದಿದ್ದರೆ ತಟ್ಟೆ ಹಸಿರಾಗಿಯೇ ಉಳಿಯುತ್ತದೆ.

ಮೂರನೆಯ ಸಲ ನೀರು ಸೇದಿದ ಬುಧವಾರ, ರಾಜಧಾನಿ ಲೀಮಾದಿಂದ ಸಬೊಗಾಲ್ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಬಂದಿದ್ದರು. ಅವರು ಹಿಂದಿನ ಎರಡು ತಟ್ಟೆಗಳನ್ನು ನೋಡಿ ಖುಷಿಪಡಲಿಲ್ಲ.

"ಈ ತಟ್ಟೆ ತೋರಿಸೋದು ಊಟಕ್ಕೆ ಕೂತವರನ್ನ ಮಾತ್ರ, ನಿಕೊಲಾಸಾ" ಎಂದರು. "ಕ್ಲೋರಿನ್ ಏಟು ತಿಂದವು ಎಲ್ಲ ಸಾಯಲ್ಲ. ಕೆಲವು ಮುದುಡಿಕೊಂಡು ಸುಮ್ಮನೆ ಬಿದ್ದಿರುತ್ತವೆ. ತಟ್ಟೆ ಮೇಲೆ ಬೆಳೆಯೋ ಶಕ್ತಿ ಇರಲ್ಲ. ನಾವು ಸತ್ತವು ಅಂತ ಬರೀತೀವಿ."

"ಹಾಗಾದ್ರೆ ಸತ್ತದ್ದು ಯಾವುದು, ಬದುಕಿದ್ದು ಯಾವುದು ಅಂತ ಹೇಗೆ ತಿಳಿಯೋದು ಡಾಕ್ಟ್ರೇ?"

ಅವರು ಚೀಲದಿಂದ ಕಂದು ಬಣ್ಣದ ಸಣ್ಣ ಸೀಸೆಯೊಂದನ್ನು ತೆಗೆದರು. ಅದರ ತಳದಲ್ಲಿ ಚಿಟಿಕೆಯಷ್ಟು ಪುಡಿ. "ಇದರಲ್ಲಿ ಸ್ವಲ್ಪ ಊಟ ಇದೆ, ಸ್ವಲ್ಪ ಔಷಧಿ ಇದೆ. ಬಾವಿ ನೀರು ಹಾಕಿ ನಾಳೆ ಬೆಳಗ್ಗೆವರೆಗೆ ಕತ್ತಲಲ್ಲಿಡಿ. ಜೀವ ಇರೋದು ಊಟ ತಿಂದು ಬೆಳೆಯುತ್ತೆ, ಆದರೆ ಔಷಧಿ ಅದನ್ನ ಎರಡಾಗೋಕೆ ಬಿಡಲ್ಲ. ಹಾಗಾಗಿ ಉದ್ದ ಆಗ್ತಾ ಹೋಗುತ್ತೆ. ಸತ್ತದ್ದು ಇದ್ದಷ್ಟೇ ಇರುತ್ತೆ. ಬೆಳಗ್ಗೆ ಫಾರ್ಮಲಿನ್ ಹಾಕಿಬಿಡಿ. ಎಲ್ಲ ಹೇಗಿದ್ದವೋ ಹಾಗೇ ನಿಂತುಬಿಡುತ್ತವೆ. ಅವನ್ನ ನೋಡೋ ದೀಪ ನಿಮ್ಮ ಸೂಕ್ಷ್ಮದರ್ಶಕಕ್ಕಿಲ್ಲ. ಹದಿನೈದು ದಿನಕ್ಕೆ ನಾನೇ ಬಂದು ಒಯ್ತೀನಿ."

ನಿಕೊಲಾಸಾ ಹೇಳಿದ ಹಾಗೆ ಮಾಡಿದಳು. ಗುರುವಾರ ಬೆಳಿಗ್ಗೆ ಫಾರ್ಮಲಿನ್ ಹಾಕಿ, ಬಿರಡೆ ಬಿಗಿದು, ತನ್ನ ಅಜ್ಜಿ ಶೋಕಕ್ಕೆ ಹೊದೆಯುತ್ತಿದ್ದ ಶಾಲಿನಿಂದ ಹರಿದ ಕಪ್ಪು ಬಟ್ಟೆಯಲ್ಲಿ ಸುತ್ತಿ ಕಚೇರಿಯ ಫ್ರಿಜ್ಜಿನಲ್ಲಿಟ್ಟಳು. ಶುಕ್ರವಾರ ಮೂರನೆಯ ತಟ್ಟೆ ತೆರೆದರೆ ಹಸಿರಾಗಿಯೇ ಇತ್ತು. ಕಚೇರಿಯ ನಿಯಮ ಮೂರು ಶುದ್ಧ ತಟ್ಟೆ. ಸೀಸೆಯ ಮಾತು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಅವಳು ಬಿಳಿ ಬಟ್ಟೆ ಹಿಡಿದು ಕೇರಿಗೆ ನಡೆದಳು. ನೆರೇದಾ ಓಡಿ ಬಂದು ಅವಳ ಕೈ ಹಿಡಿದುಕೊಂಡಳು. ಆರು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲು ಬಿದ್ದಿದ್ದವು.

"ನಾನು ಕಟ್ಲಾ ಮದ್ರೀನಾ?"

ನಿಕೊಲಾಸಾ ಅವಳನ್ನು ಎತ್ತಿ ಹಿಡಿದಳು. ಹುಡುಗಿ ರಾಟೆಯ ಮೇಲೆ ಬಟ್ಟೆ ಕಟ್ಟಿದಳು. ಗಂಟು ಸಡಿಲವಾಗಿತ್ತು. ನಿಕೊಲಾಸಾ ಅದನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಕಟ್ಟಿದಳು.

ಸೋಮವಾರ ಬೆಳಿಗ್ಗೆ ನೆರೇದಾಳಿಗೆ ವಾಂತಿಭೇದಿ ಶುರುವಾಯಿತು. ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ, ಶಾಲೆಯ ಬೆಂಚುಗಳ ಮೇಲೆ ಮಲಗಿಸಿದ್ದರು. ಮಂಗಳವಾರ ಮಧ್ಯಾಹ್ನ ಹೋಗಿಬಿಟ್ಟಳು.

ಭಾನುವಾರ ಎದೆಲ್ಮಿರಾ ತನ್ನ ಅಂಗಡಿಯ ಸೆವಿಚೆಯಿಂದ ಎರಡು ತುಂಡು ಮೀನನ್ನು ಮಗಳ ಬಾಯಿಗಿಟ್ಟಿದ್ದಳು. ಹುಡುಗಿ ಬೇಡಿದ್ದಳು, ಇವಳು ಕೊಟ್ಟಳು. ಹಸಿ ಮೀನು ತಿನ್ನಬೇಡಿರೆಂದು ರೇಡಿಯೊ ದಿನಕ್ಕೆ ಹತ್ತು ಸಲ ಹೇಳುತ್ತಿತ್ತು. ಊರಿನವರೆಲ್ಲ ಮೀನು ಎಂದರು. ಎದೆಲ್ಮಿರಾ ತಾನೂ ಮೀನು ಎಂದಳು. ಶವದ ಪಕ್ಕ ಕುಳಿತು ತನ್ನ ಬಲಗೈಯ ಎರಡು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಅವೇ ಬೆರಳುಗಳಿಂದ ಅವಳು ಆ ತುಂಡುಗಳನ್ನು ಹಿಡಿದಿದ್ದು. ನಿಕೊಲಾಸಾ ಪಕ್ಕದಲ್ಲೇ ಇದ್ದಳು. ಬಾವಿಯ ಮಾತನ್ನು ಅವಳು ಎತ್ತಲಿಲ್ಲ. ತಟ್ಟೆ ಮೂರು ಸಲ ಹಸಿರಾಗಿತ್ತಲ್ಲ. ಸಬೊಗಾಲ್ ಬಂದು ಸೀಸೆ ನೋಡಿ ಹೇಳಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಳು.

ಸಬೊಗಾಲ್ ಬರಲಿಲ್ಲ. ಅವರನ್ನು ಕಾಡಿನ ನದಿಗಳ ಕಡೆ ಕಳಿಸಿದರು, ಅಲ್ಲೇ ಕಾಯಿಲೆ ಬಿದ್ದರು ಎಂಬ ಸುದ್ದಿ ಮಾತ್ರ ಬಂತು. ನಿಕೊಲಾಸಾ ಎರಡು ಪತ್ರ ಬರೆದಳು. ಉತ್ತರವಿಲ್ಲ. ಬಾವಿಗೆ ಮತ್ತೆ ಕ್ಲೋರಿನ್ ಬಿತ್ತು. ಮರುವರ್ಷ ಕೊಳಾಯಿ ಬಂದು ಬಾವಿಯ ಬಾಯಿಗೆ ಸಿಮೆಂಟು ಹಾಕಿದರು. ಎದೆಲ್ಮಿರಾ ಅಂಗಡಿ ಮುಚ್ಚಿ ಬಟ್ಟೆ ಹೊಲಿಯತೊಡಗಿದಳು. ಅವತ್ತಿನಿಂದ ಅವಳ ಮನೆಯಲ್ಲಿ ನಿಂಬೆಹಣ್ಣು ಕಾಣಲಿಲ್ಲ. ಮೀನನ್ನು ಸುಟ್ಟ ವಾಸನೆ ಬರುವವರೆಗೆ ಬೇಯಿಸುತ್ತಿದ್ದಳು.

ಸೀಸೆ ಉಳಿಯಿತು. ತೊಂಬತ್ತೆಂಟರ ಮಳೆಯಲ್ಲಿ ಊರು ಮುಳುಗಿದಾಗ ನಿಕೊಲಾಸಾ ಮನೆಯ ಹಾಸಿಗೆ ಬಿಟ್ಟು ಕಚೇರಿಗೆ ಹೋಗಿ, ಅದನ್ನು ತಲೆಯ ಮೇಲಿಟ್ಟುಕೊಂಡು ನಡೆದಳು. ಕಚೇರಿಯ ಕೆಲಸ ಬಿಟ್ಟ ದಿನ ಐಸಿನ ಡಬ್ಬಿಯಲ್ಲಿಟ್ಟು ಮನೆಗೆ ತಂದಳು. ಕರೆಂಟು ಹೋದರೆ ಅವಳಿಗೆ ಮೊದಲು ನೆನಪಾಗುತ್ತಿದ್ದದ್ದು ಅದೇ. ಕೆಲವು ಸಲ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಫ್ರಿಜ್ಜಿನ ಮೋಟಾರು ಸದ್ದು ಮಾಡುತ್ತಾ ಇದ್ದಕ್ಕಿದ್ದಂತೆ ನಿಂತಾಗ, ಆ ಮೌನದಲ್ಲಿ ರಾಟೆ ತಿರುಗಿದ ಹಾಗೆ ಕೇಳಿಸುತ್ತಿತ್ತು. ಎದ್ದು ಹೋಗಿ ಬಾಗಿಲು ತೆರೆದು ನೋಡುತ್ತಿದ್ದಳು. ಬೆಣ್ಣೆಯ ಡಬ್ಬಿ, ಅದರ ಹಿಂದೆ ಕಪ್ಪು ಗಂಟು. ಅದು ಅವಳನ್ನೇ ಕಾಯುತ್ತಾ ಕುಳಿತಂತಿರುತ್ತಿತ್ತು. ಚಿಚ ಮಾರುವ ಮನೆಗಳಿರುವ ಬೀದಿಯಲ್ಲಿ ಅವಳು ನಡೆಯುವುದನ್ನೇ ಬಿಟ್ಟಳು. ಗಾಳಿಗೆ ಹಾರುವ ಬಿಳಿ ಬಟ್ಟೆ ನೋಡಿದರೆ ತನ್ನ ಕೈಯೊಳಗೆ ಸಣ್ಣ ಕೈಯೊಂದು ಬಂದು ಸೇರಿದಂತಾಗುತ್ತಿತ್ತು.

ಐವತ್ತೇಳನೆಯ ವಯಸ್ಸಿಗೆ ಅವಳು ಕೊಲ್ಲಿಯ ಕಡೆಯ ಚಿಪ್ಪುಮೀನಿನ ಮರಿಗಳನ್ನು ಸಾಕುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮತ್ತೆ ಗಾಜು ತೊಳೆಯುವ ಕೆಲಸ ಹಿಡಿದಿದ್ದಳು. ಅಲ್ಲಿಗೆ ಮಿಲುಸ್ಕಾ ಬಾರ್ದಾಲೆಸ್ ಎಂಬ ಜೀವಶಾಸ್ತ್ರದ ಹುಡುಗಿ ಬಂದಳು, ಅವಳ ಹಿಂದೆಯೇ ಒಂದು ಯಂತ್ರವೂ ಬಂತು. ಫ್ಲೋ ಸೈಟೋಮೀಟರ್ ಎಂದು ಅದರ ಹೆಸರು. ನೋಡಲು ದೊಡ್ಡ ಹೊಲಿಗೆ ಯಂತ್ರದ ಪೆಟ್ಟಿಗೆಯಂತಿತ್ತು.

"ಇದೇನು ಮಾಡುತ್ತೆ ಮಗಳೇ?"

"ಎಣಿಸುತ್ತೆ ದೋನ್ಯಾ ನಿಕೊ. ನೀರಲ್ಲಿರೋ ಕೋಶಗಳಿಗೆ ಹೊಳೆಯೋ ಬಣ್ಣ ಹಾಕ್ತೀವಿ. ಒಂದು ಕೂದಲೆಳೆ ಥರದ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹೋಗ್ತವೆ, ಚರ್ಚಲ್ಲಿ ಪ್ರಸಾದಕ್ಕೆ ನಿಂತ ಹಾಗೆ. ಮಧ್ಯದಲ್ಲಿ ನೀಲಿ ಲೇಸರ್ ಇರುತ್ತೆ. ಅದರ ಮುಂದೆ ಬಂದಾಗ ಪ್ರತಿಯೊಂದೂ ಒಂದು ಸಲ ಮಿನುಗುತ್ತೆ. ಮಿನುಗಿದ್ದೆಲ್ಲ ಪರದೆ ಮೇಲೆ ಒಂದೊಂದು ಚುಕ್ಕೆ."

"ಉದ್ದ ಇರೋದು, ಗಿಡ್ಡ ಇರೋದು ಗೊತ್ತಾಗುತ್ತಾ?"

ಮಿಲುಸ್ಕಾ ತಲೆಯೆತ್ತಿ ನೋಡಿದಳು. ಗಾಜು ತೊಳೆಯುವವರು ಈ ಪ್ರಶ್ನೆ ಕೇಳುವುದಿಲ್ಲ. "ಗೊತ್ತಾಗುತ್ತೆ. ಉದ್ದ ಇದ್ದರೆ ಬೆಳಕಿನ ಮುಂದಿಂದ ಹಾದು ಹೋಗೋಕೆ ಹೆಚ್ಚು ಹೊತ್ತು ಬೇಕಲ್ಲ. ಅದರ ಚುಕ್ಕೆ ಪರದೆಯಲ್ಲಿ ಬಲಕ್ಕೆ ಬೀಳುತ್ತೆ. ಯಾಕೆ?"

ನಿಕೊಲಾಸಾ ಮೂರು ವಾರ ಗಾಜು ತೊಳೆಯುತ್ತಾ ಕಳೆದಳು. ನಾಲ್ಕನೆಯ ವಾರ ಎಲ್ಲ ಹೇಳಿದಳು. ಹೇಳುವಾಗ ಕೈಯಲ್ಲಿ ಒಂದು ಗಾಜಿನ ಬೀಕರ್ ಇತ್ತು. ಅದನ್ನು ಕೆಳಗಿಡದೆ ಒರೆಸುತ್ತಲೇ ಇದ್ದಳು. ಮಿಲುಸ್ಕಾ ಪೂರ್ತಿ ಕೇಳಿದಳು. ಹೊರದೇಶಕ್ಕೆ ಹೋಗುವ ಚಿಪ್ಪುಮೀನಿಗೆ ಕಾಲರಾ ಇಲ್ಲವೆಂಬ ಪರೀಕ್ಷೆ ಬೇಕಾದ್ದರಿಂದ, ಆ ರೋಗಾಣುವಿನ ಮೈಗೆ ಮಾತ್ರ ಅಂಟಿ ಹಸಿರಾಗಿ ಹೊಳೆಯುವ ಬಣ್ಣ ಅವಳ ಬಳಿ ಇತ್ತು. ಎಲ್ಲ ಕೋಶಗಳ ಒಳಗೂ ಇಳಿದು ಕೆಂಪಾಗಿ ಹೊಳೆಯುವ ಇನ್ನೊಂದು ಬಣ್ಣವೂ ಇತ್ತು.

"ಮೂವತ್ತೆರಡು ವರ್ಷ ಆಯ್ತು. ಏನೂ ಉಳಿದಿರದೇ ಇರಬಹುದು" ಎಂದಳು. "ಇನ್ನೊಂದು ಮಾತು. ಉದ್ದ ಇರೋದು ಸಿಕ್ಕಿದರೆ ಆ ನೀರಲ್ಲಿ ಜೀವ ಇರೋ ಕಾಲರಾ ಇತ್ತು ಅಂತ ಅಷ್ಟೇ ಅರ್ಥ. ಮಗು ಅದರಿಂದಲೇ ಹೋಯ್ತು ಅಂತ ಈ ಯಂತ್ರ ಹೇಳಲ್ಲ."

"ಅಷ್ಟು ಹೇಳಿದ್ರೆ ಸಾಕು. ಬಾವಿಗೆ ಬಿಳಿ ಕಟ್ಟಿದ್ದು ಸರಿನೋ ತಪ್ಪೋ ಅಂತ."

"ಗೊತ್ತಾದ ಮೇಲೆ ಏನು ಮಾಡ್ತೀರಿ?"

"ತಪ್ಪಾಗಿದ್ರೆ ಎದೆಲ್ಮಿರಾಗೆ ಹೇಳ್ತೀನಿ. ಅವಳು ತನ್ನ ಬೆರಳು ನೋಡ್ಕೊಳ್ಳೋದನ್ನ ಬಿಡ್ತಾಳೆ. ನನ್ನ ಮುಖ ನೋಡೋದನ್ನೂ ಬಿಡ್ತಾಳೆ."

ಅಕ್ಟೋಬರ್ ಕೊನೆಯ ವಾರದ ಒಂದು ಬೆಳಿಗ್ಗೆ ಸೀಸೆ ತಂದಳು. ಕಿಟಕಿಗೆ ಪರದೆ ಎಳೆದಿತ್ತು. ಕಪ್ಪು ಬಟ್ಟೆ ಬಿಚ್ಚುವಾಗ ಅದರ ಮಡಿಕೆಗಳು ಹರಿದವು. ಬಿರಡೆ ತೆಗೆದರೆ ಫಾರ್ಮಲಿನ್ನಿನ ಘಾಟು. ಆ ವಾಸನೆಯ ಜೊತೆ ಆ ಗುರುವಾರದ ಬೆಳಿಗ್ಗೆಯೂ ಕೋಣೆಯೊಳಗೆ ಬಂದ ಹಾಗಾಯಿತು. ಹೊರಗೆ ಕೊಡಗಳ ಸದ್ದು, ಯಾರೋ ನಗುತ್ತಿರುವುದು. ಮಿಲುಸ್ಕಾ ಅರ್ಧ ನೀರನ್ನು ಮಾತ್ರ ತೆಗೆದು ಬಣ್ಣ ಹಾಕಿದಳು. ಉಳಿದ ಅರ್ಧ ಸೀಸೆಯಲ್ಲೇ ಇತ್ತು.

ಮೊದಲು ಅವಳು ಲೀಮಾದಿಂದ ತರಿಸಿದ ಮಾದರಿಯನ್ನು ಹರಿಸಿದಳು. ಉದ್ದ ಬೆಳೆಸಿ ಕೊಂದ ಕಾಲರಾ ಕೋಶಗಳವು, ಎಲ್ಲಿ ಬೀಳುತ್ತವೆಂದು ಗುರುತು ಹಾಕಿಕೊಳ್ಳಲು. ಪರದೆಯ ಬಲ ಮೇಲ್ಮೂಲೆಯಲ್ಲಿ ಹಸಿರು ಚುಕ್ಕೆಗಳು ದಟ್ಟವಾಗಿ ಬಿದ್ದವು. ಅವುಗಳ ಸುತ್ತ ಒಂದು ಚೌಕ ಬರೆದಳು. ಒಂದು ನಿಮಿಷ ನೀರು ಹರಿಸಿದಳು. ಆಮೇಲೆ ಬಾವಿಯ ನೀರಿನ ಕೊಳವೆಯನ್ನು ಸೂಜಿಯ ಕೆಳಗಿಟ್ಟಳು.

ಚೌಕದೊಳಗೆ ಚುಕ್ಕೆಗಳು ಬೀಳತೊಡಗಿದವು. ಒಂದು, ಮೂರು, ಹದಿನೈದು. ಆಮೇಲೆ ಎಣಿಸಲಾಗಲಿಲ್ಲ.

"ಇವೆ ದೋನ್ಯಾ ನಿಕೊ" ಎಂದಳು ಮಿಲುಸ್ಕಾ ಮೆಲ್ಲಗೆ. "ಮುನ್ನೂರು ದಾಟಿದವು. ಉದ್ದ ಇರೋವು."

ನಿಕೊಲಾಸಾ ಪರದೆಯನ್ನೇ ನೋಡಿದಳು. ಮೊದಮೊದಲು ದಟ್ಟವಾಗಿ ಬಿದ್ದ ಚುಕ್ಕೆಗಳು ಬರುಬರುತ್ತಾ ತೆಳುವಾಗುತ್ತಿದ್ದವು. ಒಂದೇ ಸೀಸೆಯ ನೀರು, ಮೊದಲು ಹೆಚ್ಚು ಆಮೇಲೆ ಕಡಿಮೆ ಹೇಗಾದೀತು? ಮೂವತ್ತೆಂಟು ವರ್ಷ ಗಾಜು ತೊಳೆದ ಅವಳ ಕೈಗೆ ಅದು ಮೊದಲು ಗೊತ್ತಾಯಿತು, ತಲೆಗೆ ಆಮೇಲೆ.

"ಮಧ್ಯೆ ಯಾವುದ್ರಲ್ಲಿ ತೊಳೆದೆ?"

"ನೀರಲ್ಲಿ. ಒಂದು ನಿಮಿಷ ಬಿಟ್ಟೆನಲ್ಲ."

"ಒಂದು ನಿಮಿಷಕ್ಕೆ ನಾನು ಲೋಟನೂ ತೊಳೆಯಲ್ಲ. ಬರೀ ನೀರು ಇಟ್ಟು ಎಣಿಸು, ನೋಡೋಣ."

ಮಿಲುಸ್ಕಾಳ ಮುಖ ಕೆಂಪಾಯಿತು. ಏನೂ ಇಲ್ಲದ ಶುದ್ಧ ನೀರನ್ನು ಇಟ್ಟಳು. ಯಾವ ಬಾವಿಯದೂ ಅಲ್ಲದ ಆ ನೀರಿನಲ್ಲೂ ಚೌಕದೊಳಗೆ ಹಸಿರು ಚುಕ್ಕೆ ಬಿತ್ತು. ಇನ್ನೊಂದು ಬಿತ್ತು. ಕೊಳವೆಯ ಗೋಡೆಗೆ ಅಂಟಿಕೊಂಡಿದ್ದ ಲೀಮಾದ ಸತ್ತ ಕೋಶಗಳು ಒಂದೊಂದಾಗಿ ಕಳಚಿ ಬರುತ್ತಿದ್ದವು.

"ತಪ್ಪಾಯ್ತು" ಎಂದಳು ಮಿಲುಸ್ಕಾ. "ಮೊದಲ ಅರ್ಧ ಹಾಳು ಮಾಡಿದೆ. ಅದು ಲೆಕ್ಕಕ್ಕಿಲ್ಲ."

ಬ್ಲೀಚು ಹರಿಸಿದರು, ನೀರು ಹರಿಸಿದರು. ನಿಕೊಲಾಸಾ ಪಕ್ಕದಲ್ಲಿ ನಿಂತು ಎಷ್ಟು ಸಲ ಎಂದು ಹೇಳುತ್ತಾ ಹೋದಳು. ಆರು, ಆಮೇಲೆ ಮೂರು. ಆ ಮುಕ್ಕಾಲು ಗಂಟೆ ಅವಳ ಎದೆಯೊಳಗೆ ಒಂದು ಆಸೆ ಎದ್ದಿತ್ತು. ಕಂಡದ್ದೆಲ್ಲ ತೊಳೆಯದ ಕೊಳವೆಯ ಸುಳ್ಳೇ ಆಗಿದ್ದರೆ? ಬಾವಿ ಶುದ್ಧವಾಗಿದ್ದರೆ? ಬಿಳಿ ಬಟ್ಟೆ ಸರಿಯಾಗಿದ್ದರೆ? ಆಗ ಉಳಿಯುವುದು ಎದೆಲ್ಮಿರಾಳ ಎರಡು ಬೆರಳುಗಳು. ಹಾಗೆ ಆಸೆಪಟ್ಟದ್ದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಆಸೆ ಹೋಗಲಿಲ್ಲ.

ಮತ್ತೆ ಶುದ್ಧ ನೀರು ಇಟ್ಟರು. ಹತ್ತು ನಿಮಿಷ ನೋಡಿದರು. ಚೌಕ ಖಾಲಿ.

"ಸೀಸೇಲಿ ಇರೋದು ಇಷ್ಟೇ. ಇದು ಮುಗಿದರೆ ಮತ್ತೆ ನೋಡೋಕಾಗಲ್ಲ" ಎಂದಳು ಮಿಲುಸ್ಕಾ. "ಬೇಡ ಅಂದ್ರೆ ಮುಚ್ಚಿಡೋಣ."

"ಹಾಕು."

ಮಿಲುಸ್ಕಾ ಉಳಿದ ಅರ್ಧಕ್ಕೂ ಬಣ್ಣ ಹಾಕಿ ಹರಿಸಿದಳು. ಪರದೆಯ ಕೆಳಗೆ ಎಡಗಡೆ ಕೆಂಪು ಚುಕ್ಕೆಗಳ ಮಂಜು ಎದ್ದಿತು. ಬಾವಿಯ ನೀರಿನ ಬೇರೆ ಬೇರೆ ಜೀವಿಗಳು, ಯಾರಿಗೂ ತೊಂದರೆ ಕೊಡದವು. ಅದರ ಮೇಲೆ ಹಸಿರು ಚುಕ್ಕೆಗಳು ಕಾಣಿಸಿಕೊಂಡವು, ಗಿಡ್ಡವು. ಕ್ಲೋರಿನ್ನಿಗೆ ಸತ್ತು, ಇದ್ದಷ್ಟೇ ಉಳಿದ ಕಾಲರಾ. ಚೌಕ ಖಾಲಿಯೇ ಇತ್ತು.

ಆಮೇಲೆ ಬಲಗಡೆ, ದೂರದಲ್ಲಿ, ಒಂದು ಬಿತ್ತು. ತುಂಬ ಹೊತ್ತು ಏನೂ ಇಲ್ಲ. ಇನ್ನೊಂದು ಬಿತ್ತು. ದಟ್ಟವಾಗಿ ಬಂದು ತೆಳುವಾಗುವ ಚುಕ್ಕೆಗಳಲ್ಲ ಇವು. ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ, ನಿಧಾನವಾಗಿ, ಅವಸರವಿಲ್ಲದೆ ಬಂದವು. ಆ ಗುರುವಾರ ಬೆಳಿಗ್ಗೆ ಫಾರ್ಮಲಿನ್ನಿಗೆ ಸಿಕ್ಕಿ ನಿಂತವು ಕತ್ತಲಲ್ಲಿ ಇಷ್ಟು ವರ್ಷ ಹಾಗೇ ನಿಂತಿದ್ದು, ಈಗ ಒಂದೊಂದಾಗಿ ಬೆಳಕಿನ ಮುಂದೆ ಬಂದು ಮಿನುಗಿ ಹೋಗುತ್ತಿದ್ದವು. ಕೊಳವೆ ಖಾಲಿಯಾದಾಗ ಚೌಕದೊಳಗೆ ನಲವತ್ತೊಂದಿದ್ದವು.

"ಇದರಲ್ಲಿ ಸುಳ್ಳಿಲ್ಲ" ಎಂದಳು ಮಿಲುಸ್ಕಾ.

"ಇಲ್ಲ" ಎಂದಳು ನಿಕೊಲಾಸಾ. ಖಾಲಿ ಸೀಸೆಯನ್ನು ತೆಗೆದುಕೊಂಡು ಹೋಗಿ ತೊಳೆದಳು. ಆರು ಸಲ, ಆಮೇಲೆ ಮೂರು ಸಲ.

ನವೆಂಬರ್ ಒಂದನೆಯ ತಾರೀಖು ನಮ್ಮಲ್ಲಿ ತೀರಿಹೋದ ಮಕ್ಕಳ ದಿನ. ಮಗು ಕಳೆದುಕೊಂಡ ತಾಯಂದಿರು ಊರ ಚೌಕಕ್ಕೆ ಬಂದು, ತಮ್ಮ ಮಗುವಿನ ವಯಸ್ಸಿನ ಮಕ್ಕಳನ್ನು ಹುಡುಕಿ ಸಿಹಿಯ ಪೊಟ್ಟಣ ಕೊಡುತ್ತಾರೆ. ಬೆರಳುದ್ದದ ಬ್ರೆಡ್ಡು, ಗೆಣಸಿನ ಮಿಠಾಯಿ, ಕೊಬ್ಬರಿ. ನೆರೇದಾಳ ವಯಸ್ಸು ಆರಕ್ಕೇ ನಿಂತಿತ್ತು. ಪ್ರತಿ ವರ್ಷವೂ ಎದೆಲ್ಮಿರಾ ಮತ್ತು ನಿಕೊಲಾಸಾ ಬೇವಿನ ಮರದ ಕೆಳಗೆ ಅಕ್ಕಪಕ್ಕ ನಿಂತು, ಹಲ್ಲು ಬಿದ್ದ ಹುಡುಗಿಯರಿಗೆ ಪೊಟ್ಟಣ ಕೊಡುತ್ತಿದ್ದರು.

ಆ ಬೆಳಿಗ್ಗೆ ಎದೆಲ್ಮಿರಾ ಬುಟ್ಟಿ ಹೊತ್ತು ಬಂದಾಗ ನಿಕೊಲಾಸಾ ಆಗಲೇ ಮರದಡಿ ನಿಂತಿದ್ದಳು.

"ಏನೇ, ಪಾದ್ರಿಗಿಂತ ಮೊದಲು ಬಂದಿದ್ದೀಯ? ಮುಖ ಯಾಕೆ ಹಾಗಿದೆ? ಹೊಟ್ಟೆ ಸರಿಯಿಲ್ವಾ?"

"ಕೂತ್ಕೋ ಕೊಮಾದ್ರೆ. ಒಂದು ಮಾತಿದೆ."

"ನಿಂತೇ ಕೇಳ್ತೀನಿ. ಕೂತ್ರೆ ಈ ಮಂಡಿ ಏಳೋಕೆ ಬಿಡಲ್ಲ."

ನಿಕೊಲಾಸಾ ಹೇಳಿದಳು. ಮೂರು ತಟ್ಟೆ, ಡಾಕ್ಟರು, ಸೀಸೆ, ಗುರುವಾರ, ಶುಕ್ರವಾರ. ಬೆಣ್ಣೆಯ ಡಬ್ಬಿಯ ಹಿಂದಿನ ಗಂಟು. ಯಂತ್ರದ ಹೆಸರು ಹೇಳಲಿಲ್ಲ. ಹೊಳೆಯುವ ಬಣ್ಣ ಹಾಕಿ ನೋಡಿದೆವು, ಬದುಕಿದ್ದವು ನಲವತ್ತೊಂದಿದ್ದವು ಎಂದಳು. "ಬಾವೀಲಿ ಇತ್ತು ಎದೆಲ್ಮಿರಾ. ನಾನು ಬಿಳಿ ಕಟ್ಟಿದ ದಿನ ಇತ್ತು. ಯಾವುದರಿಂದ ಅವಳಿಗೆ ಬಂತು ಅಂತ ಯಾರೂ ಹೇಳೋಕಾಗಲ್ಲ. ಆದರೆ ನಿನ್ನ ಮೀನು ಎರಡೇ ತುಂಡು. ನೀರು ಮೂರು ದಿನ ಕುಡಿದಳು."

ಎದೆಲ್ಮಿರಾ ಬುಟ್ಟಿಯನ್ನು ಕೆಳಗಿಳಿಸಿದಳು. ಬಲಗೈಯ ಬೆರಳುಗಳನ್ನು ನೋಡಿಕೊಂಡಳು, ತಿರುಗಿಸಿ ಮತ್ತೆ ನೋಡಿದಳು.

"ನಿನ್ನ ಫ್ರಿಜ್ಜಲ್ಲಿ" ಎಂದಳು ಕೊನೆಗೆ. "ನಾನು ದಿನಾ ಬಾಗಿಲು ತೆಗೀತಿದ್ದೆ."

"ಹೌದು."

"ಗಂಡನ ಕಿವಿ ಅಂತ ತಮಾಷೆ ಮಾಡಿದೆ."

"ಹೌದು."

"ಅನುಮಾನ ಅವತ್ತೇ ಇತ್ತಾ ನಿನಗೆ? ಅವಳು ಹೋದ ದಿನ, ನನ್ನ ಪಕ್ಕ ಕೂತಿದ್ದಾಗ?"

ನಿಕೊಲಾಸಾ ಇಲ್ಲ ಎನ್ನಬಹುದಿತ್ತು. "ಇತ್ತು" ಎಂದಳು.

ಚೌಕದಲ್ಲಿ ಮಕ್ಕಳು ಸೇರತೊಡಗಿದ್ದರು. ಎದೆಲ್ಮಿರಾ ಬಗ್ಗಿ ಬುಟ್ಟಿಯಿಂದ ಅರ್ಧ ಪೊಟ್ಟಣಗಳನ್ನು ಒಂದು ಚೀಲಕ್ಕೆ ಹಾಕಿದಳು. ಅವಸರಪಡಲಿಲ್ಲ. ಚೀಲವನ್ನು ನಿಕೊಲಾಸಾಳ ಕೈಗಿಟ್ಟಳು.

"ನೀನು ಆ ಕಡೆ ನಿಂತ್ಕೋ. ಗಡಿಯಾರದ ಕಂಬದ ಹತ್ರ."

ನಿಕೊಲಾಸಾ ಚೌಕ ದಾಟಿ ಹೋಗಿ ಕಂಬದ ಹತ್ತಿರ ನಿಂತಳು. ಅಲ್ಲಿ ನೆರಳಿರಲಿಲ್ಲ. ಆರು ವರ್ಷದ ಹುಡುಗಿಯರು ಬಂದರು, ಕೊಟ್ಟಳು. ಯಾರ ಹೆಸರಿನದು ಅಜ್ಜಿ ಎಂದು ಒಬ್ಬಳು ಕೇಳಿದಳು. ನೆರೇದಾ ಎಂದಳು. ಆ ಹೆಸರನ್ನು ಗಟ್ಟಿಯಾಗಿ ಹೇಳಿ ಎಷ್ಟು ವರ್ಷವಾಗಿತ್ತೋ. ಹುಡುಗಿ ಪೊಟ್ಟಣ ಬಿಚ್ಚುತ್ತಾ ಹೋದಳು.

ಮಧ್ಯಾಹ್ನಕ್ಕೆ ಎದೆಲ್ಮಿರಾಳ ಬುಟ್ಟಿ ಖಾಲಿಯಾಯಿತು. ಅವಳು ಮನೆಯ ಕಡೆ ಹೋಗಲಿಲ್ಲ. ಚೌಕದ ಮೂಲೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಸೆವಿಚೆ ಮಾರುವವನ ಹತ್ತಿರ ಹೋಗಿ ಏನೋ ಹೇಳಿದಳು. ಅವನು ತಟ್ಟೆ ಕೊಟ್ಟ. ನಿಕೊಲಾಸಾ ನಿಂತಲ್ಲಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ನಿಂತುಕೊಂಡೇ, ಚಮಚ ಬಿಟ್ಟು ಬೆರಳುಗಳಿಂದಲೇ ತಿಂದಳು. ತುಂಬ ಹೊತ್ತು ತಿಂದಳು. ಆಮೇಲೆ ಗಾಡಿಯ ಮೇಲಿನ ನಿಂಬೆಯ ಹೋಳೊಂದನ್ನು ಎತ್ತಿಕೊಂಡು ಖಾಲಿ ತಟ್ಟೆಯ ಮೇಲೆ ಹಿಂಡಿ, ರಸವನ್ನು ಬೆರಳಿಗೆ ಹಚ್ಚಿ ನೆಕ್ಕಿದಳು. ಗಾಡಿಯವನು ಅವಳನ್ನೇ ನೋಡುತ್ತಿದ್ದ.

ಅವಳು ಈ ಕಡೆ ತಿರುಗಲಿಲ್ಲ. ನಿಕೊಲಾಸಾಳ ಚೀಲದಲ್ಲಿ ಇನ್ನೂ ಮೂರು ಪೊಟ್ಟಣಗಳಿದ್ದವು. ಅವಳು ಕಂಬದ ಹತ್ತಿರ, ಎದೆಲ್ಮಿರಾ ತೋರಿಸಿದ ಜಾಗದಲ್ಲೇ ನಿಂತಿದ್ದಳು.